ಹೊಂಗೆ ಮರದ ತನಕ ಸಾಲು

ಕೆಂಚನಕೊಪ್ಪಲು, ಚಿನಕುರಳಿ ಹತ್ತಿರ
10 ಜುಲೈ 2024

ಮಾವ,

ಬೀಗರ ಊಟದಲ್ಲಿ ನಾವಿಬ್ಬರೂ ಆಡಿದ ಜಗಳ ಎರಡು ಊರಿಗೂ ಗೊತ್ತಾಗಿದೆ. ನೀವು ಕೈಯಲ್ಲಿ ಮುದ್ದೆ ಹಿಡಿದುಕೊಂಡು "ಹಳೇದೇ ಸರಿ ಕಣಮ್ಮಿ" ಅಂತ ಕೂಗಿದ್ದು, ನಾನು "ನೋಡ್ದೆ ಮಾತಾಡ್ಬ್ಯಾಡಿ ಮಾವ" ಅಂತ ಎದುರು ಕೂಗಿದ್ದು ಕೇಳಿ ಗಂಡಿನ ಕಡೆಯವರು ಜಮೀನಿನ ತಕರಾರು ಅಂದುಕೊಂಡರಂತೆ. ಒಂದು ಕಂಪ್ಯೂಟರ್ ಬೇಗ ಏಳುತ್ತೋ ತಡವಾಗಿ ಏಳುತ್ತೋ ಅನ್ನುವುದಕ್ಕೆ ಇಷ್ಟು ಗಂಟಲು ಹರಿದುಕೊಂಡೆವು ಅಂತ ಅವರಿಗೆ ಹೇಗೆ ತಿಳಿಯಬೇಕು? ಅವ್ವನ ಅಪ್ಪಣೆಯಾಗಿದೆ: "ನನ್ ತಮ್ಮನೂ ಒಂದೇ, ನೀನೂ ಒಂದೇ. ಇನ್ಮೇಲೆ ಬಾಯಲ್ಲಿ ಬ್ಯಾಡ. ಏನಿದ್ರೂ ಬರ್ಕಳಿ." ಫೋನೂ ಬೇಡವಂತೆ, ಅದರಲ್ಲೂ ನೀವು ಕೂಗುತ್ತೀರಂತೆ. ಹಾಗಾಗಿ ಈ ಕಾಗದ.

ನಮ್ಮ ಮಹಿಳಾ ಹಾಲಿನ ಸಂಘದ ಕಂಪ್ಯೂಟರಿಗೆ, ಅದನ್ನು ನಡೆಸುವ ಹೊಸ ಲಿನಕ್ಸ್ ಹಾಕಿಬಿಟ್ಟಿದ್ದೇನೆ. ಹೊಸ ತೂಕದ ಯಂತ್ರ ಬಂತಲ್ಲ, ಅದು ಹಳೆಯದಕ್ಕೆ ಹೊಂದುತ್ತಿರಲಿಲ್ಲ. ನೀವು ಹಿಂದೆ ಕೂರಿಸಿಕೊಟ್ಟಿದ್ದರಲ್ಲಿ ಸ್ವಿಚ್ಚು ಒತ್ತಿದರೆ ಒಂದೊಂದೇ ಕೆಲಸ ಸಾಲಾಗಿ ಏಳುತ್ತಿತ್ತು. ಡಿಸ್ಕು ಎದ್ದ ಮೇಲೆ ಗಡಿಯಾರ, ಆಮೇಲೆ ನೆಟ್‌ವರ್ಕು, ಆಮೇಲೆ ತೂಕದ ಯಂತ್ರ, ಪ್ರಿಂಟರು. ಒಂದು ಮುಗಿಯದೆ ಇನ್ನೊಂದು ಕಣ್ಣು ಬಿಡುತ್ತಿರಲಿಲ್ಲ. ಹೊಸದರಲ್ಲಿ ಸಿಸ್ಟಮ್‌ಡಿ ಅಂತ ಇದೆ. ಒಂದಕ್ಕೊಂದು ಸಂಬಂಧವಿಲ್ಲದ ಕೆಲಸಗಳನ್ನೆಲ್ಲ ಅದು ಒಟ್ಟಿಗೇ ಎಬ್ಬಿಸುತ್ತದೆ. ಡೈರಿಯ ನೆಲ ತೊಳೆಯುವ ಬೆಟ್ಟಮ್ಮ ನಿಮಗೆ ಗೊತ್ತಲ್ಲ, ಅವರು ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿ ಎದ್ದು ನಿಲ್ಲುವಷ್ಟರಲ್ಲಿ ಪರದೆ ಬಂದಿರುತ್ತದೆ. ಮೊದಲು ರಂಗೋಲಿ ಮುಗಿದು, ಅವರು ಒಂದು ಎಲೆಯಡಿಕೆ ಹಾಕಿಕೊಂಡರೂ ಬರುತ್ತಿರಲಿಲ್ಲ.

ಸೋತೆ ಅಂತ ಒಂದು ಸಾಲು ಬರೆದು ಕಳಿಸಿ. ಅತ್ತೆಗೆ ಕೇಳಿದೆ ಅಂತ ಹೇಳಿ.

ಅನಿತ

*

ನಾಗಮಂಗಲ
15 ಜುಲೈ 2024

ಅನಿತವ್ವಾ,

ಈ ಕಾಗದದ ಹಿಂಬದಿ ಓದಬೇಡ. ಅಚ್ಚಿನಲ್ಲಿ ಕೆಟ್ಟುಹೋದ ಮದುವೆ ಕಾರ್ಡು. ವರನ ಹೆಸರಿನ ಜಾಗದಲ್ಲಿ ಅವನ ಸೋದರಮಾವನ ಹೆಸರು ಕೂತುಬಿಟ್ಟಿತ್ತು; ಇನ್ನೂರು ಕಾರ್ಡು ಮೂಲೆಯಲ್ಲಿ ಬಿದ್ದಿದೆ, ಅವು ಮುಗಿಯುವ ತನಕ ನಿನಗೆ ಕಾಗದ ಬರೆಯಬಹುದು. ಆಷಾಢ ಅಲ್ಲವೇ, ಕಾರ್ಡು ಮಾಡಿಸುವವರು ಯಾರೂ ಇಲ್ಲ. ಅಂಗಡಿಯಲ್ಲಿ ನೊಣ ಹೊಡೆಯುತ್ತಾ ಕೂತಿದ್ದೇನೆ. ವಾದಕ್ಕೆ ಪುರುಸೊತ್ತೋ ಪುರುಸೊತ್ತು.

ನೀನು ಪಂಕ್ತಿಯಲ್ಲಿ ಊಟ ಮಾಡಿದ್ದೀಯ ತಾನೇ? ಎಲೆ ಹಾಕಿ, ನೀರು ಚಿಮುಕಿಸಿ, ಉಪ್ಪು, ಕೋಸಂಬರಿ, ಪಲ್ಯ, ಆಮೇಲೆ ಅನ್ನ, ಅನ್ನದ ಮೇಲೆ ಸಾರು. ಒಂದು ಎಲೆಗೆ ಪಲ್ಯ ಬರದಿದ್ದರೆ ಯಾರು ಬಡಿಸದೆ ಹೋದ ಅಂತ ಕೂತಲ್ಲೇ ಗೊತ್ತಾಗುತ್ತೆ. ನನ್ನ ಹಳೆಯ ಪದ್ಧತಿ ಅದು. ಎಲ್ಲಿ ನಿಂತಿತು ಅಂತ ಕಣ್ಣಿಗೆ ಕಾಣುತ್ತಿತ್ತು, ಬಿಚ್ಚಿ ಓದಿದರೆ ನನ್ನಂಥವನಿಗೂ ಅರ್ಥವಾಗುತ್ತಿತ್ತು. ನಿನ್ನ ಹೊಸದು ಬಡಿಸುವವರನ್ನೆಲ್ಲ ಒಂದೇ ಬಾಗಿಲಲ್ಲಿ ಒಟ್ಟಿಗೆ ನುಗ್ಗಿಸುತ್ತದೆ. ಎಲೆ ತುಂಬಿದ ಹಾಗೆ ಕಾಣುತ್ತೆ, ಕೈ ಹಾಕಿದರೆ ಸಾರಿದೆ, ಅನ್ನ ಇಲ್ಲ.

ಇನ್ನೊಂದು ಮಾತು. ಕಾಗದದಲ್ಲಿ ಪರದೆ ಬಂತು ಅಂದೆ. ಹಾಲು ಅಳೆದು ಕೊಡುವ ಮೊದಲನೇ ಚೀಟಿ ಯಾವಾಗ ಬಂತು ಅಂತ ಬರೆಯಲಿಲ್ಲ. ಹಾಲು ಹಾಕಲು ಬರುವವರು ಪರದೆ ನೋಡಿಕೊಂಡು ಮನೆಗೆ ಹೋಗುತ್ತಾರೇನು? ನೀನು ಸಣ್ಣವಳಿದ್ದಾಗಲೂ ಹೀಗೇ. ಮಾರ್ಕ್ಸು ಕಮ್ಮಿ ಬಂದ ವಿಷಯ ಬಿಟ್ಟು ಮಿಕ್ಕಿದ್ದೆಲ್ಲ ಹೇಳುತ್ತಿದ್ದೆ.

ನಿನ್ನ ಮಾವ,
ಚಲುವರಾಜು

*

ಕೆಂಚನಕೊಪ್ಪಲು
23 ಜುಲೈ 2024

ಮಾವ,

ಸಿಕ್ಕಿಹಾಕಿಕೊಂಡೆ. ಚೀಟಿ ಬೇಗ ಬರುತ್ತಿಲ್ಲ. ಮೊದಲಿಗಿಂತ ತಡ.

ನೀವು ಗಡಿಯಾರ ಹಿಡಿದು ಅಳೆಯುವವರು. ನನ್ನ ಅಳತೆ ಬೇರೆ. ಮೊದಲ ಚೀಟಿ ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತ ಹೆಂಗಸರ ಸಾಲು ಎಲ್ಲಿಯ ತನಕ ಹೋಗಿದೆ ಅಂತ ನೋಡುತ್ತೇನೆ. ಹಳೆಯದರಲ್ಲಿ ಸಾಲು ನಲ್ಲಿಯ ತನಕ ಇರುತ್ತಿತ್ತು. ಈಗ ನಲ್ಲಿ ದಾಟಿ, ರಸ್ತೆ ಬದಿಯ ಹೊಂಗೆ ಮರ ಮುಟ್ಟುತ್ತದೆ. ಪರದೆ ಬಂದಿರುತ್ತದೆ, ತೂಕದ ಯಂತ್ರ ಸೊನ್ನೆ ತೋರಿಸಿಕೊಂಡು ಕಾಯುತ್ತಿರುತ್ತದೆ, ಆದರೆ ಹಾಲಿನ ಲೆಕ್ಕದ ಪ್ರೋಗ್ರಾಮು ತೆರೆಯುವುದೇ ಇಲ್ಲ. ಒಳಗೆ ಏನೋ ಓದುತ್ತಾ ಕೂತಿರುತ್ತದೆ. ಸಂಜೆ ತೊಂದರೆಯಿಲ್ಲ, ಕಂಪ್ಯೂಟರ್ ಎದ್ದೇ ಇರುತ್ತದೆ, ಹಾಲಿನ ಗಾಡಿಯೂ ನಿಧಾನವಾಗಿ ಬರುತ್ತದೆ. ಬೆಳಿಗ್ಗೆ ಹಾಗಲ್ಲ. ಡ್ರೈವರ್ ಕೆಳಗೂ ಇಳಿಯುವುದಿಲ್ಲ. "ಇನ್ನೂ ಮುಂದ್ಲೂರೋರ ಆಲು ಎತ್ಬೇಕು ಕಣಕ್ಕ, ಕಾಯಕಾಯ್ತದಾ?" ಅಂತಾನೆ.

ಹೊಂಗೆ ಮರದ ಹತ್ತಿರ ನಿಲ್ಲುವುದು ಯಾವಾಗಲೂ ಮಾಯಮ್ಮ. ಕಲ್ಲು ಕ್ವಾರಿ ಆಚೆಯ ಮನೆ, ಬೆಳಕು ಹರಿಯದೆ ಆ ದಾರಿಯಲ್ಲಿ ನಡೆದು ಬರಲಾಗುವುದಿಲ್ಲ. ಇರುವುದು ಒಂದು ಹಸು. ಆ ಹಸು ತೆಗೆದುಕೊಳ್ಳಲು ಧೈರ್ಯ ಹೇಳಿದವಳೇ ನಾನು. ನಾನಿದ್ದೀನಿ, ನಿನ್ನ ಹಾಲು ಡೈರಿಗೆ ಹಾಕಿಸೋದು ನನ್ನ ಜವಾಬ್ದಾರಿ ಅಂದಿದ್ದೆ. ಹೋದ ವಾರ ಎರಡು ಸಲ ಅವಳ ಸರದಿ ಬರುವ ಮುಂಚೆ ಗಾಡಿ ಹೊರಟುಹೋಯಿತು. ತುಂಬಿದ ಕ್ಯಾನನ್ನೇ ಸೊಂಟಕ್ಕೆ ಏರಿಸಿಕೊಂಡು ವಾಪಸು ನಡೆದಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು. "ಬುಡವ್ವ, ಬ್ಯಾಗ ಕೊಡು ಅಂತ ಅಸುಗೆ ಏಳಕಾಯ್ತದಾ?" ಅಂತ ನಕ್ಕಳು.

ಪಂಕ್ತಿಯ ವಿಷಯಕ್ಕೆ ಉತ್ತರ: ಅನ್ನಕ್ಕೆ ಮುಂಚೆ ಸಾರು ಬರಬಾರದು, ಒಪ್ಪಿದೆ. ಆದರೆ ಉಪ್ಪು ಬಡಿಸುವವನು ಕೊನೆಯ ಎಲೆ ಮುಟ್ಟುವ ತನಕ ಕೋಸಂಬರಿಯವನು ಅಡಿಗೆ ಮನೆಯಲ್ಲಿ ಕೈಕಟ್ಟಿ ಕೂರಬೇಕೆ? ಹೊಸದು ಹೇಳುವುದು ಇಷ್ಟೇ.

ಅನಿತ

*

ನಾಗಮಂಗಲ
29 ಜುಲೈ 2024

ಅನಿತವ್ವಾ,

ಕೋಸಂಬರಿಯವನ ಮಾತು ಚೆನ್ನಾಗಿದೆ. ಒಪ್ಪುವುದಿಲ್ಲ, ಆದರೆ ಚೆನ್ನಾಗಿದೆ.

ನನ್ನ ಅನುಮಾನ ನೆಟ್‌ವರ್ಕಿನ ಮೇಲೆ. ಬೆಳಿಗ್ಗೆ ಹಾಲಿನ ಲೆಕ್ಕ ಮೇಲಕ್ಕೆ ಕಳಿಸಲು ಸಿಮ್ಮು ಹಾಕಿದ ಡಬ್ಬಿ ಇದೆಯಲ್ಲ? ನಿಮ್ಮ ಊರಲ್ಲಿ ಸಿಗ್ನಲ್ಲು ಸಿಗುವುದು ಅಷ್ಟರಲ್ಲೇ ಇದೆ. ನಿನ್ನ ಹೊಸ ಯಜಮಾನ, ಆ ಸಿಸ್ಟಮ್‌ಡಿ, ನೆಟ್‌ವರ್ಕು ಬರುವ ತನಕ ಎಲ್ಲರನ್ನೂ ಬಾಗಿಲಲ್ಲಿ ನಿಲ್ಲಿಸಿಕೊಂಡಿರಬೇಕು. ಕಾಯಬೇಡ ಅಂತ ಅದಕ್ಕೆ ಹೇಳುವ ಒಂದು ಸಾಲು ಇದೆ, ಬೇರೆ ಚೀಟಿಯಲ್ಲಿ ಬರೆದು ಇಟ್ಟಿದ್ದೇನೆ. ನಾನು ಅದನ್ನು ಬಳಸುವವನಲ್ಲ, ಯಾರೋ ಹೇಳಿದ್ದು ನೆನಪಿತ್ತು ಅಷ್ಟೇ. ಯುಪಿಎಸ್ ಬ್ಯಾಟರಿ ಜೀವಂತವಾಗಿದೆಯೇ, ಅದನ್ನೂ ಬರಿ.

ಮಾಯಮ್ಮನ ಹಾಲು ಹಿಂದಕ್ಕೆ ಹೋಯಿತು ಅಂತ ಓದಿದ ಮೇಲೆ ಊಟ ಸೇರಲಿಲ್ಲ. ಆ ಕಂಪ್ಯೂಟರ್ ಪೆಟ್ಟಿಗೆಯನ್ನು ಮೊದಲು ಕೂರಿಸಿದವನು ನಾನು.

ಚಲುವರಾಜು

*

ಕೆಂಚನಕೊಪ್ಪಲು
12 ಆಗಸ್ಟ್ 2024

ಮಾವ,

ಗೆದ್ದೆವು! ನೀವು ಹೇಳಿದ ಸಾಲನ್ನು ಶನಿವಾರ ಸೇರಿಸಿದೆ. ಭಾನುವಾರ ಏನೂ ಬದಲಾಗಲಿಲ್ಲ, ಅದೇ ಹೊಂಗೆ ಮರ. ಇವತ್ತು ಸೋಮವಾರ ಬೆಳಿಗ್ಗೆ ಸಾಲು ಇನ್ನೂ ಮೆಟ್ಟಿಲ ಹತ್ತಿರ ಇದೆ, ಚೀಟಿ ಬಂದೇಬಿಟ್ಟಿತು. ಮಾಯಮ್ಮ ಹಾಲು ಸುರಿದು, ಚೀಟಿ ಇಸಿದುಕೊಂಡು, ಮರದ ಕೆಳಗೆ ಕೂತು ಎಲೆಯಡಿಕೆ ಹಾಕಿಕೊಂಡ ಮೇಲೆ ಗಾಡಿ ಬಂತು. ಒಂದು ದಿನ ತಡೆದು ಯಾಕೆ ಕೆಲಸ ಮಾಡಿತು ಅಂತ ನಿಮಗೆ ಗೊತ್ತಿದ್ದರೆ ಬರೆಯಿರಿ.

ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಯಿತು.

ಚಿಕ್ಕ ಕಾಗದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಬೆಟ್ಟಮ್ಮ ಮೊಮ್ಮಗಳ ಮುಡಿ ತೆಗೆಸಲು ನಿನ್ನೆ ಕೆ.ಆರ್. ಪೇಟೆ ಕಡೆ ಹೋಗಿದ್ದರು. ಸಂಜೆ ಡೈರಿಯ ನೆಲ ನಾನೇ ಉಜ್ಜಿ ತೊಳೆದೆ. ಬೆರಳು ಮಡಿಸಲಾಗುತ್ತಿಲ್ಲ.

ಅನಿತ

*

ನಾಗಮಂಗಲ
16 ಆಗಸ್ಟ್ 2024

ಅನಿತವ್ವಾ,

ಕೆಲವು ಔಷಧಿ ಮಾರನೇ ದಿನ ಕೆಲಸ ಮಾಡುತ್ತೆ. ಯಾಕೆ ಅಂತ ಕೇಳಬಾರದು.

ಹೊಸ ಪದ್ಧತಿಯನ್ನು ಸರಿದಾರಿಗೆ ತರಲು ಹಳೇ ತಲೆಯೇ ಬೇಕಾಯಿತು ಅನ್ನುವುದನ್ನು ಅಕ್ಕನಿಗೆ ಗಟ್ಟಿಯಾಗಿ ಓದಿ ಹೇಳು. ಶ್ರಾವಣ ಬಂತು, ಇವತ್ತು ವರಮಹಾಲಕ್ಷ್ಮಿ, ಹಬ್ಬ ಮುಗಿಸಿಕೊಂಡು ಕಾರ್ಡು ಮಾಡಿಸುವವರು ಬಾಗಿಲಲ್ಲಿ ನಿಂತಿದ್ದಾರೆ. ನಿನ್ನ ಸಾಲು ಚಿಕ್ಕದಾಯಿತು, ನನ್ನದು ಉದ್ದವಾಯಿತು.

ಚಲುವರಾಜು

*

ಕೆಂಚನಕೊಪ್ಪಲು
30 ಆಗಸ್ಟ್ 2024

ಮಾವ,

ಶ್ರಾವಣದಲ್ಲಿ ನಿಮಗೆ ಕೆಲಸ ಜಾಸ್ತಿ ಅಂತ ಬರೆಯಲಿಲ್ಲ ಅಂದರೆ ಸುಳ್ಳಾಗುತ್ತದೆ. ನಾಚಿಕೆಯಾಗಿ ಬರೆಯಲಿಲ್ಲ. ನಿಮ್ಮ ಔಷಧಿ ಕೆಲಸ ಮಾಡಿದ್ದು ಆ ಒಂದು ದಿನ. ಮಂಗಳವಾರದಿಂದ ಮತ್ತೆ ಹೊಂಗೆ ಮರ. ನೀವು ಅಷ್ಟು ಖುಷಿಯಿಂದ ಬರೆದಿದ್ದೀರಿ, ಹೇಗೆ ಹೇಳಲಿ?

ಈಗ ಹೇಳದೆ ವಿಧಿಯಿಲ್ಲ. ಸೆಪ್ಟೆಂಬರ್ ಹದಿನೈದಕ್ಕೆ ಸಂಘದ ಸರ್ವ ಸದಸ್ಯರ ಸಭೆ. ಅಧ್ಯಕ್ಷೆ ಪುಟ್ಟಗೌರಮ್ಮ ಎಲ್ಲರ ಮುಂದೆ ಅಂದುಬಿಟ್ಟರು: "ಕಡೇಲಿ ಬರೋರ್ಗೋಸ್ಕರ ಗಾಡಿ ನಿಲ್ಲಕಿಲ್ಲ ಕಣವ್ವ. ಕ್ವಾರಿ ಮಗ್ಗುಲೋರ ಬೆಳಗಿನ ಆಲು ಬ್ಯಾಡ ಅಂತ ಸಭೇಲಿ ಬರುಸ್ಬುಡಾನ." ಅವರು ಕೆಟ್ಟವರಲ್ಲ. ಗಾಡಿ ಹೋದ ಮೇಲೆ ಉಳಿದ ಹಾಲಿಗೆ ದಿನಾ ಬೈಸಿಕೊಳ್ಳುವವರು ಅವರೇ. ಆದರೆ ಹಾಗೆ ಬರೆಸಿದರೆ ಮಾಯಮ್ಮನ ಹಸುವಿಗೆ ಬೆಳಿಗ್ಗೆ ಗಿರಾಕಿಯೇ ಇಲ್ಲ. ಈ ಮಾತು ಅವಳ ಕಿವಿಗೂ ಬಿದ್ದಿದೆ. ಮೂರು ದಿನದಿಂದ ಅವಳು ಬರುತ್ತಿಲ್ಲ. ಹೊಸದು ಹಾಕಿದರೆ ಬೇಗ ಆಗುತ್ತೆ ಅಂತ ಇಡೀ ಸಂಘಕ್ಕೆ ಹೇಳಿದವಳು ನಾನು ಮಾವ. ಸಾಲಿನ ಕೊನೆ ನೋಡಲು ಧೈರ್ಯ ಬರುತ್ತಿಲ್ಲ.

ಇನ್ನೊಂದು ವಿಷಯ. ನಿನ್ನೆ ಅತ್ತೆ ಫೋನು ಮಾಡಿದ್ದರು. ಮಾತಿನ ಮಧ್ಯೆ, "ನಿಮ್ಮಾವನೂ ಅಂಗ್ಡೀಲಿ ಅದ್ಯಾವ್ದೋ ಒಸಾದು ಆಕ್ಕಂಡವ್ರೆ ಕಣೆ, ಅದೇ ಸಿಸ್ಟಮ್ಮೋ ಗಿಸ್ಟಮ್ಮೋ, ಓದ್ ವರ್ಸದಿಂದ್ಲೇ" ಅಂದರು. ಹೋದ ವರ್ಷದಿಂದ! ಬೀಗರ ಊಟದಲ್ಲಿ ಮುದ್ದೆ ಹಿಡಿದು ಕೂಗುವಾಗ ನಿಮ್ಮ ಅಂಗಡಿಯಲ್ಲಿ ಇದ್ದದ್ದೇ ಅದು! ನನಗೆ ಬಂದ ಸಿಟ್ಟು ಇಲ್ಲಿ ಬರೆಯುವುದಿಲ್ಲ, ಅವ್ವ ಓದುತ್ತಾಳೆ. ಒಂದನ್ನು ಮಾತ್ರ ನಿಜ ಹೇಳಿ. ನಿಮ್ಮಲ್ಲಿ ಅದು ಬೇಗ ಏಳುತ್ತದೆಯೇ?

ಅನಿತ

*

ನಾಗಮಂಗಲ
2 ಸೆಪ್ಟೆಂಬರ್ 2024

ಅನಿತವ್ವಾ,

ಬೇಗ ಏಳುತ್ತೆ. ಅಂಗಡಿ ಬಾಗಿಲು ತೆಗೆದು, ಸ್ವಿಚ್ಚು ಹಾಕಿ, ದೇವರ ಪಟಕ್ಕೆ ಊದಿನಕಡ್ಡಿ ಹಚ್ಚುವಷ್ಟರಲ್ಲಿ ಎದ್ದು ಕೂತಿರುತ್ತೆ. ಅದೇ ನನ್ನ ಹೊಟ್ಟೆಯುರಿ. ಓದಿ ಅರ್ಥಮಾಡಿಕೊಳ್ಳಲಾಗದ್ದು ಇಷ್ಟು ಚೆನ್ನಾಗಿ ಕೆಲಸ ಮಾಡಬಾರದಿತ್ತು. ಕಾರ್ಡಿನ ಪ್ರೋಗ್ರಾಮು ಹೊಸದನ್ನು ಕೇಳಿತು, ಹಾಕಿದೆ. ನೀನು ಅದರ ಪರವಾಗಿ ಎದ್ದು ನಿಂತಾಗ ಸುಮ್ಮನೆ ಹೂಂ ಅನ್ನಲು ಮನಸ್ಸಾಗಲಿಲ್ಲ. ನಮ್ಮ ಮನೆಯಲ್ಲಿ ನನ್ನೊಂದಿಗೆ ಇಂಥ ವಿಷಯಕ್ಕೆ ಜಗಳ ಆಡುವವಳು ನೀನೊಬ್ಬಳೇ. ಒಪ್ಪಿಬಿಟ್ಟರೆ ಜಗಳ ಮುಗಿದುಹೋಗುತ್ತಿತ್ತು. ಇದನ್ನು ಅತ್ತೆಗೆ ಹೇಳಬೇಡ.

ಈಗ ಜಗಳ ಪಕ್ಕಕ್ಕಿಡು. ನನ್ನಲ್ಲಿ ಇರುವುದೂ ಅದೇ, ನಿನ್ನಲ್ಲಿ ಇರುವುದೂ ಅದೇ. ನನ್ನ ಪೆಟ್ಟಿಗೆ ನಿನ್ನದಕ್ಕಿಂತ ಹಳೆಯದು. ನನ್ನದು ಏಳುತ್ತೆ, ನಿನ್ನದು ಮುಲುಗುತ್ತೆ. ಹಾಗಾದರೆ ತಪ್ಪು ಎಬ್ಬಿಸುವ ಪದ್ಧತಿಯದ್ದಲ್ಲ. ನಾವಿಬ್ಬರೂ ಎರಡು ತಿಂಗಳಿಂದ ಬೆಳಗಿನದ್ದೇ ಬರೆದುಕೊಂಡಿದ್ದೇವೆ. ನನ್ನ ಅಂಗಡಿಗೂ ನಿನ್ನ ಡೈರಿಗೂ ಇರುವ ವ್ಯತ್ಯಾಸ ಸಂಜೆಯಲ್ಲಿರಬಹುದಲ್ಲ? ನಾನು ಬಾಗಿಲು ಹಾಕುವಾಗ ಒಬ್ಬನೇ ಇರುತ್ತೇನೆ. ನಿನ್ನ ಡೈರಿಯಲ್ಲಿ ಕೊನೆಯ ಕ್ಯಾನು ಗಾಡಿಗೆ ಏರಿದ ಮೇಲೆ ಬೀಗ ಹಾಕುವ ತನಕ ಯಾರು ಏನು ಮಾಡುತ್ತಾರೆ? ನೀನು ಏನು ಮಾಡುತ್ತೀಯ ಅಂತಲ್ಲ, ಎಲ್ಲರೂ. ಅದನ್ನು ಬರಿ. ಬೇಗ ಬರಿ.

ಚಲುವರಾಜು

*

ಕೆಂಚನಕೊಪ್ಪಲು
9 ಸೆಪ್ಟೆಂಬರ್ 2024

ಮಾವ,

ನಿಮ್ಮ ಕಾಗದ ಬಂದದ್ದು ಗುರುವಾರ. ಸಂಜೆ ನೋಡಿಕೊಂಡು ಬರೆಯೋಣ ಅಂದರೆ, ನೋಡಲು ಬೆಟ್ಟಮ್ಮನೇ ಇರಲಿಲ್ಲ. ಗೌರಿ ಹಬ್ಬಕ್ಕೆ ಅವರ ಅಣ್ಣ ಬಂದು ತವರಿಗೆ, ಗೋವಿಂದನಹಳ್ಳಿಗೆ, ಕರೆದುಕೊಂಡು ಹೋಗಿದ್ದರು. ಮೂರು ಸಂಜೆ ನಾನೇ ನೆಲ ತೊಳೆದೆ. ಮೂರು ಬೆಳಿಗ್ಗೆಯೂ ಸಾಲು ಮೆಟ್ಟಿಲು ದಾಟಲಿಲ್ಲ.

ಭಾನುವಾರದ ಚೀಟಿ ಕೈಗೆ ಬಂದಾಗಲೇ ಹೊಳೆದದ್ದು. ಆಗಸ್ಟಿನ ಆ ಒಂದು ದಿನ ನೆನಪಿದೆಯೇ? ಅದರ ಹಿಂದಿನ ಸಂಜೆಯೂ ನೆಲ ತೊಳೆದವಳು ನಾನು. ಬೆರಳು ನೋಯುತ್ತೆ ಅಂತ ನಿಮಗೆ ಬರೆದಿದ್ದೆ. ಓದಿ ನಿಮಗೂ ಹೊಳೆಯಲಿಲ್ಲ, ಬರೆದ ನನಗೂ ಹೊಳೆಯಲಿಲ್ಲ.

ಬೆಟ್ಟಮ್ಮ ನಿನ್ನೆ ಮಧ್ಯಾಹ್ನ ಬಾಗಿನ ತೆಗೆದುಕೊಂಡು ವಾಪಸು ಬಂದರು. ದಿನಾ ಸಂಜೆ ಕಂಪ್ಯೂಟರ್ ಮುಚ್ಚಲು ಒತ್ತಿ ನಾನು ಹೊರಗೆ ಗಾಡಿಯವನ ಹತ್ತಿರ ಸಹಿ ಹಾಕಲು ಹೋಗುತ್ತೇನೆ. ನಿನ್ನೆ ಹೋಗಲಿಲ್ಲ. ಒಳಗೇ ಬಾಗಿಲ ಹಿಂದೆ ನಿಂತೆ. ಒತ್ತಿದ ತಕ್ಷಣ ಪರದೆ ಕಪ್ಪಾಯಿತು. ಪೆಟ್ಟಿಗೆಯ ಮುಂದಿನ ಸಣ್ಣ ಕೆಂಪು ದೀಪ ಮಾತ್ರ ಇನ್ನೂ ಮಿಣುಕುತ್ತಿತ್ತು. ಬೆಟ್ಟಮ್ಮ ಪರದೆ ನೋಡಿದರು, ಬಕೆಟ್ಟು ಕೆಳಗಿಟ್ಟರು, ಒಣಕಟ್ಟಿಗೆ ತೆಗೆದುಕೊಂಡು ಗೋಡೆಯ ಮೇನ್ ಸ್ವಿಚ್ಚನ್ನು ಟಕ್ ಅಂತ ಎಳೆದರು. ಯುಪಿಎಸ್ ಸತ್ತಿದೆಯಲ್ಲ, ಕೆಂಪು ದೀಪ ಅರ್ಧದಲ್ಲೇ ಹೋಯಿತು. ಆಮೇಲೆ ನೀರು ಸುರಿದರು.

"ಬೆಟ್ಟಕ್ಕಾ, ದಿನಾ ಇಂಗೇ ಮಾಡ್ತೀಯಾ?" ಅಂದೆ.

"ಊಂ ಕಣವ್ವ. ಪೆಟ್ಗೆ ಕಣ್ ಮುಚ್ಚಾಗಂಟ ಕಾಯ್ತೀನಿ, ಮುಚ್ಚುದ್ಮ್ಯಾಲೆ ಮೇನ್ ಎಳೀತೀನಿ. ಅವತ್ತು ನೀರಲ್ಲಿ ನಿಂತಿದ್ದಾಗ ಕರೆಂಟು ಒಡ್ದು ಗ್ವಾಡೆಗೆ ಬಿಸಾಕಿತ್ತಲ್ಲ, ಮರ್ತ್ಬುಟ್ಯಾ?"

ಮರೆತಿರಲಿಲ್ಲ. ಮೇನ್ ತೆಗೆಯದೆ ನೀರು ಹಾಕಬೇಡ ಅಂತ ಅವರಿಗೆ ಹೇಳಿಕೊಟ್ಟವರೇ ನಾವು. ನಿಮ್ಮ ಹಳೆಯದು ಮುಚ್ಚುವಾಗ ಪರದೆಯ ಮೇಲೆ ಸಾಲು ಸಾಲು ಅಕ್ಷರ ಓಡಿಸಿ, ಎಲ್ಲ ಮುಗಿದ ಮೇಲೆ ಕಪ್ಪಾಗುತ್ತಿತ್ತು. ಹೊಸದು ಮೊದಲು ಪರದೆ ಕಪ್ಪು ಮಾಡಿ, ಆಮೇಲೆ ಒಳಗಿನ ಕೆಲಸ ಮುಗಿಸುತ್ತದೆ. ಬೆಟ್ಟಮ್ಮ ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತಿದ್ದರು. ಹಾಲಿನ ಲೆಕ್ಕ ಸರಿಯಾಗಿ ಮುಚ್ಚಿಕೊಳ್ಳುವ ಮುಂಚೆಯೇ ಕರೆಂಟು ಹೋಗುತ್ತಿತ್ತು. ಬೆಳಿಗ್ಗೆ ಅದು ಏನಾದರೂ ಕಳೆದುಹೋಗಿದೆಯೋ ಅಂತ ಹಳೆಯ ಲೆಕ್ಕವನ್ನೆಲ್ಲ ಮೊದಲಿನಿಂದ ಓದಿ ನೋಡುತ್ತಾ ಕೂರುತ್ತಿತ್ತು. ಅಷ್ಟು ಹೊತ್ತೂ ಮಾಯಮ್ಮ ಮರದ ಕೆಳಗೆ ನಿಂತಿರುತ್ತಿದ್ದಳು. ನಾನು ತೊಳೆದ ದಿನ ಸಹಿ ಹಾಕಿ ಬಂದು ಮೇನ್ ತೆಗೆಯುವಷ್ಟರಲ್ಲಿ ದೀಪ ತಾನಾಗಿಯೇ ಆರಿರುತ್ತಿತ್ತು.

ಇವತ್ತಿನಿಂದ ಹೀಗೆ ಮಾಡಿದ್ದೇವೆ. ಪರದೆ ಕಪ್ಪಾದ ಮೇಲೆ ಬೆಟ್ಟಮ್ಮ ಖಾಲಿ ಕ್ಯಾನುಗಳನ್ನು ಹೊರಗೆ ನಲ್ಲಿಗೆ ಒಯ್ದು ತೊಳೆಯುತ್ತಾರೆ. ಒಳಗೆ ಬಂದು ಕೆಂಪು ದೀಪ ನೋಡುತ್ತಾರೆ. ಅದು ಆರಿದ್ದರೆ ಮೇನ್, ಆಮೇಲೆ ನೆಲ.

ಬೆಳಿಗ್ಗೆ ಮಾಯಮ್ಮನ ಮನೆಗೆ ಹೋಗಿದ್ದೆ. ಬಾ ಅಂದೆ. ಹಸುವಿನ ಮೈ ತಿಕ್ಕುತ್ತಿದ್ದಳು, ತಿರುಗಿ ನೋಡಲಿಲ್ಲ. "ಒತ್ತಾರೆ ಆಲ ಕರುಗೇ ಕುಡುಸ್ತಾ ಇವ್ನಿ. ಆಸೆ ಅಚ್ಬ್ಯಾಡ ಕಣವ್ವ, ಮತ್ತೆ ವೊತ್ಕಬರಕೆ ನನ್ಕೈಲಾಗಕಿಲ್ಲ" ಅಂದಳು. ಕಂಪ್ಯೂಟರಿನ ಕತೆ ಅವಳಿಗೆ ಹೇಗೆ ಹೇಳಲಿ? ಎದ್ದು ಬಂದೆ.

ಅನಿತ

*

ನಾಗಮಂಗಲ
12 ಸೆಪ್ಟೆಂಬರ್ 2024

ಅನಿತವ್ವಾ,

ಓದಿ ಅಂಗಡಿಯಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದೆ. ಕಾರ್ಡು ಮಾಡಿಸಲು ಬಂದವರು ಹೆದರಿಕೊಂಡರು.

ನೋಡಿದೆಯಾ, ಗೆದ್ದದ್ದು ನಾನೇ. ಮೊದಲು ದೀಪ, ಆಮೇಲೆ ಮೇನು, ಆಮೇಲೆ ನೀರು: ಒಂದಾದ ಮೇಲೆ ಒಂದು. "ಇಲ್ಲ ಮಾವ, ಪೆಟ್ಟಿಗೆ ಮುಚ್ಚುವಾಗಲೇ ಕ್ಯಾನು ತೊಳೆಯುತ್ತಾರಲ್ಲ, ಎರಡು ಕೆಲಸ ಒಟ್ಟಿಗೆ, ಗೆದ್ದದ್ದು ನಾನು" ಅಂತ ನೀನು ಬರೆಯುತ್ತೀಯ. ನಿನ್ನ ಉತ್ತರವನ್ನೂ ನಾನೇ ಬರೆದಿದ್ದೇನೆ, ಅಂಚೆ ಖರ್ಚು ಉಳಿಯಿತು.

ಸಭೆಯಲ್ಲಿ ಬೆಟ್ಟಮ್ಮನ ಹೆಸರು ತೆಗೆಯಬೇಡ. ತಪ್ಪು ಮಾಡದವರ ಮೇಲೆ ಸುಲಭವಾಗಿ ಕೂರುವ ತಪ್ಪು ಇದು. ಪೆಟ್ಟಿಗೆಯಲ್ಲಿ ಏನೋ ತೊಂದರೆ ಇತ್ತು, ಸರಿಹೋಯಿತು ಅಂದರೆ ಸಾಕು.

ನಾನು ಬರುವುದಕ್ಕಾಗುವುದಿಲ್ಲ, ಕೆಲಸ ಬಹಳ.

ಚಲುವರಾಜು

*

ಕೆಂಚನಕೊಪ್ಪಲು
16 ಸೆಪ್ಟೆಂಬರ್ 2024

ಮಾವ,

ನೀವು ಹೇಳಿದ ಹಾಗೆಯೇ ಎದ್ದು ನಿಂತು, ಪೆಟ್ಟಿಗೆಯಲ್ಲಿ ತೊಂದರೆ ಇತ್ತು ಅಂತ ಶುರುಮಾಡಿದೆ. ಹಿಂದಿನಿಂದ ಬೆಟ್ಟಮ್ಮ ಎದ್ದರು. "ಪೆಟ್ಗೇಲಿ ಏನೂ ಇರ್ನಿಲ್ಲ ಕಣ್ರವ್ವ. ನಾನೇ ಮೇನ್ ಎಳೀತಿದ್ದೋಳು." ಪುಟ್ಟಗೌರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ಎಳೀದೆ ನೀರುಯ್ದಿದ್ರೆ ನೀನೇ ಓಗ್ಬುಡ್ತಿದ್ಯಲ್ಲೇ. ಕೂತ್ಕೊ" ಅಂದರು. ಇಷ್ಟೇ. ಬೆಟ್ಟಮ್ಮ ಕೂತರು.

ಆದರೆ ಕ್ವಾರಿ ಮಗ್ಗುಲಿನ ಮಾತು ಪೂರ್ತಿ ಬಿಡಲಿಲ್ಲ. ಶನಿವಾರದ ತನಕ ನೋಡೋಣ, ಅಷ್ಟರಲ್ಲಿ ಕಡೆಯ ಮನೆಯ ಹಾಲೂ ಗಾಡಿ ಹತ್ತಿದರೆ ಹೊಸ ನಿಯಮ ಬೇಡ ಅಂದಿದ್ದಾರೆ. ನ್ಯಾಯದ ಮಾತೇ. ಆದರೆ ಕಡೆಯ ಮನೆ ಅಂದರೆ ಮಾಯಮ್ಮ. ಅವಳು ಸಭೆಗೂ ಬಂದಿರಲಿಲ್ಲ, ಇವತ್ತು ಬೆಳಿಗ್ಗೆಯೂ ಬರಲಿಲ್ಲ. ಸಾಲು ಮೆಟ್ಟಿಲಲ್ಲೇ ಮುಗಿಯಿತು. ಇಷ್ಟು ಬೇಗ ಎದ್ದು ಏನು ಪ್ರಯೋಜನ ಅಂತ ಪೆಟ್ಟಿಗೆಯನ್ನೇ ನೋಡುತ್ತಾ ಕೂತಿದ್ದೆ. ಸಂಜೆ ಬೆಟ್ಟಮ್ಮ, "ನಾ ಓಗ್ ಕರ್ಕಬತ್ತೀನಿ, ನೀನ್ ಬ್ಯಾಡ" ಅಂತ ಕ್ವಾರಿ ಕಡೆ ನಡೆದರು. ಏನು ಮಾತಾಡಿಕೊಂಡರೋ, ನನಗೆ ಹೇಳಲಿಲ್ಲ.

ಅನಿತ

*

ನಾಗಮಂಗಲ
21 ಸೆಪ್ಟೆಂಬರ್ 2024, ಶನಿವಾರ

ಅನಿತವ್ವಾ,

ನೀನು ಕಾಗದ ಬರೆಯುವ ತನಕ ಕಾಯುವುದಿಲ್ಲ, ನಾನೇ ಬರೆಯುತ್ತೇನೆ. ಸಭೆ ಕೊಟ್ಟ ಗಡುವಿನ ಕೊನೆಯ ದಿನವಲ್ಲವೇ, ಇವತ್ತು ಬೆಳಿಗ್ಗೆ ನಿಮ್ಮೂರಿನಲ್ಲೇ ಇದ್ದೆ. ನಸುಕಿಗೇ ಸ್ಕೂಟರ್ ಹತ್ತಿ ಬಂದು ಡೈರಿಯ ಎದುರು ಟೀ ಅಂಗಡಿಯ ಬೆಂಚಿನ ಮೇಲೆ ಟೋಪಿ ಎಳೆದುಕೊಂಡು ಕೂತಿದ್ದೆ. ಹೇಳಿ ಬಂದಿದ್ದರೆ, ಒಂದು ವೇಳೆ ಪೆಟ್ಟಿಗೆ ಕೈಕೊಟ್ಟರೆ ನನ್ನ ಮುಂದೆ ನಿನ್ನ ಮುಖ ಸಣ್ಣದಾಗುತ್ತಿತ್ತು. ಅದು ನನಗೆ ನೋಡಲಾಗುತ್ತಿರಲಿಲ್ಲ. ಇನ್ನೊಂದು ಕಾರಣವೂ ಇತ್ತು, ಮುಚ್ಚಿಡುವುದಿಲ್ಲ. ಕೈಯಲ್ಲಿ ಗುಂಡಿ ಒತ್ತಿ ಅಳೆಯುವ ಗಡಿಯಾರ ಹಿಡಿದುಕೊಂಡಿದ್ದೆ. ಸರಿಯಾಗಿ ಅಳೆದು, ಹೊಸದು ಎಷ್ಟು ಬೇಗ ಅಂತ ಒಂದು ಸಲ ಕೊನೆಗಾಣಿಸೋಣ ಅಂತ.

ನೀನು ಒಳಗೆ ಹೋಗಿ ದೀಪ ಹಾಕಿದೆ. ಬೆಟ್ಟಮ್ಮ ರಂಗೋಲಿ ಮುಗಿಸಿ ಕೈ ಒರೆಸಿಕೊಂಡು ಬಾಗಿಲಲ್ಲೇ ನಿಂತರು, ಒಳಗೆ ಹೋಗಲಿಲ್ಲ, ಕ್ವಾರಿ ದಾರಿಯನ್ನೇ ನೋಡುತ್ತಿದ್ದರು; ಮಾಯಮ್ಮ ಈ ವಾರವೆಲ್ಲ ಬಂದಿಲ್ಲವಂತೆ, ಟೀ ಅಂಗಡಿಯವನು ಹೇಳಿದ. ಹೆಂಗಸರು ಒಬ್ಬೊಬ್ಬರಾಗಿ ಚೀಟಿ ಹಿಡಿದುಕೊಂಡು ಹೊರಗೆ ಬಂದರು. ಹೊಂಗೆ ಮರದ ಕೆಳಗೆ ಒಂದು ನಾಯಿ ಮಲಗಿತ್ತು, ಅದು ಬಿಟ್ಟರೆ ಯಾರೂ ಇಲ್ಲ. ಮೆಟ್ಟಿಲೂ ಖಾಲಿಯಾಯಿತು. ಗಾಡಿ ಬಂತು, ಕ್ಯಾನು ಏರಿಸಲು ಶುರುಮಾಡಿದರು. ನೀನು ಹೊರಗೆ ಬಂದು ಬೆಟ್ಟಮ್ಮನ ಪಕ್ಕ ನಿಂತೆ. ನಿನ್ನ ಮುಖ ನೋಡಿ ಟೀ ಲೋಟ ಬೆಂಚಿನ ಮೇಲಿಟ್ಟೆ.

ಆಗ ತಿರುವಿನಲ್ಲಿ ಸೊಂಟದ ಮೇಲೆ ಕ್ಯಾನು ಇಟ್ಟುಕೊಂಡು ಮಾಯಮ್ಮ ಕಾಣಿಸಿದಳು. ಬೆಟ್ಟಮ್ಮ ಕೂಗಿದ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ: "ಓಡ್ಬಾರೆ!" ಅವಳು ಓಡಲಿಲ್ಲ, ಹಾಲು ತುಳುಕುತ್ತಲ್ಲ. ಬಿರಬಿರನೆ ನಡೆದಳು. ನೀನು ಒಳಗೆ ಓಡಿದೆ. ಕೊನೆಯ ಕ್ಯಾನಿಗೆ ಮುಚ್ಚಳ ಹಾಕುವ ಮುಂಚೆ ಅವಳ ಹಾಲು ಅದರೊಳಗೆ ಬಿದ್ದಿತ್ತು.

ಮಾಯಮ್ಮ ಹೊರಗೆ ಬಂದು, ಖಾಲಿ ಕ್ಯಾನನ್ನು ನಲ್ಲಿಯಲ್ಲಿ ತೊಳೆದು, ಬೋರಲು ಹಾಕಿ ನೀರು ಬಸಿದುಕೊಂಡು ನಾನು ಕೂತಿದ್ದ ಕಡೆಯಿಂದಲೇ ಹೋದಳು. ನನ್ನ ಗುರುತು ಅವಳಿಗಿಲ್ಲ. "ಯಾರ್ಗಣ್ಣ ಕಾಯ್ತಾ ಇದ್ದೀಯ?" ಅಂದಳು. ಬಸ್ಸಿಗೆ ಅಂದುಬಿಟ್ಟೆ. ಪಕ್ಕದಲ್ಲೇ ನನ್ನ ಸ್ಕೂಟರ್ ನಿಂತಿತ್ತು. ಅದನ್ನೊಂದು ಸಲ, ನನ್ನನ್ನೊಂದು ಸಲ ನೋಡಿ ನಕ್ಕು, ಕ್ಯಾನು ಅಲ್ಲಾಡಿಸಿಕೊಂಡು ಕ್ವಾರಿ ದಾರಿ ಹಿಡಿದಳು.

ಗಡಿಯಾರ ನೋಡಿಕೊಂಡೆ. ಗುಂಡಿ ಒತ್ತುವುದನ್ನೇ ಮರೆತಿದ್ದೆ. ಸೊನ್ನೆ ತೋರಿಸುತ್ತಿತ್ತು.

ಚಲುವರಾಜು